ಅಳಿವೆಯಲ್ಲಿ ನೂರು ಸೆಕೆಂಡು

"ನಿಲ್ಸಿ! ಆ ದೋಣಿ ಮುಳುಗ್ತದೆ!"

ನಾಗಶ್ರೀ ಬೆಚ್ಚಿ, ಅಲೆ ಎಬ್ಬಿಸುವ ಮಷಿನಿನ ಸ್ವಿಚ್ಚಿನಿಂದ ಕೈ ತೆಗೆದಳು. ಶೆಡ್ಡಿನ ಬಾಗಿಲಲ್ಲಿ ಮೊಣಕಾಲ ತನಕ ಕೆಸರು ಮೆತ್ತಿಕೊಂಡ ಯುವಕನೊಬ್ಬ ನಿಂತಿದ್ದ. ಅವನು ನೋಡುತ್ತಿದ್ದದ್ದು ಅವಳನ್ನಲ್ಲ, ಸಿಮೆಂಟಿನ ಟಾಂಕಿಯೊಳಗೆ ಹೊಯ್ದಾಡುತ್ತಿದ್ದ ಮೊಳದುದ್ದದ ಮರದ ದೋಣಿಯನ್ನು.

"ಮುಳುಗ್ಲಿ. ಮುಳುಗ್ತದೋ ಇಲ್ವೋ ನೋಡೂಕೇ ಇದನ್ನ ಕಟ್ಟಿದ್ದು," ಅಂದಳು.

"ನಮ್ಮ ದೋಣಿ ಹೀಂಗೆ ಹುಚ್ಚು ಹಿಡ್ದವ್ರ ಹಾಂಗೆ ಕುಣಿಯೂದಿಲ್ಲ, ಮೇಡಂ. ಇದೆಂತಾ ಸಮುದ್ರ?"

"ಇಪ್ಪತ್ತೈದರಲ್ಲಿ ಒಂದು ಪಾಲಿನ ಸಮುದ್ರ."

ಅವನು ನಕ್ಕುಬಿಟ್ಟ. ಅವಳಿಗೆ ಸಿಟ್ಟು ಬಂತು. ಆ ಸಿಟ್ಟಿನ ಕೆಳಗೆ ಇನ್ನೇನೋ ಇತ್ತು... ಅದೇನೆಂದು ಅವಳು ಕೇಳಿಕೊಳ್ಳಲಿಲ್ಲ.

ಕಾಳಿ ನದಿ ಕಡಲು ಸೇರುವ ಅಳಿವೆಯಲ್ಲಿ ಹೊಸ ತಡೆಗೋಡೆ ಕಟ್ಟುವ ಯೋಚನೆ ಆಗಷ್ಟೇ ಶುರುವಾಗಿತ್ತು. ಅದಕ್ಕಾಗಿ ದಡದ ಊರು ಚಿತ್ತಾಕುಲದ ಶೆಡ್ಡಿನಲ್ಲಿ ಆ ಅಳಿವೆಯದೇ ಚಿಕ್ಕ ಮಾದರಿ ಕಟ್ಟಿದ್ದರು. ಅಂಕೋಲೆಯ ಹುಡುಗಿ ನಾಗಶ್ರೀ ಎಂ.ಟೆಕ್ ಮುಗಿಸಿ ಬಂದು ಹಿಡಿದ ಮೊದಲ ಕೆಲಸ ಅದು. ಬಾಗಿಲಲ್ಲಿ ನಿಂತಿದ್ದ ಯುವಕ ರೂಪೇಶನದು ಚಿತ್ತಾಕುಲವೇ. ಡಿಪ್ಲೊಮಾ ಓದಿದ್ದರೂ ತಂದೆ ಬಿಟ್ಟುಹೋದ ದೋಣಿಯಲ್ಲೇ ಮೀನಿಗೆ ಹೋಗುತ್ತಿದ್ದ.

"ಉದ್ದ ಇಪ್ಪತ್ತೈದು ಪಟ್ಟು ಚಿಕ್ಕದಾದ್ರೆ ಹೊತ್ತು ಐದೇ ಪಟ್ಟು ಚಿಕ್ಕದಾಗ್ತದೆ," ಅವಳು ವಿವರಿಸಿದಳು. "ವೇಗವನ್ನ ಉದ್ದ, ಭೂಮಿಯ ಸೆಳೆತ ಎರಡರ ಜೊತೆ ಹೋಲಿಸಿ ಒಂದು ಸಂಖ್ಯೆ ತೆಗೀತೇವೆ. ಅದಕ್ಕೆ ಮೀಟರೂ ಇಲ್ಲ, ಸೆಕೆಂಡೂ ಇಲ್ಲ. ಅದು ಟಾಂಕಿಯಲ್ಲೂ ಕಡಲಲ್ಲೂ ಒಂದೇ ಇದ್ರೆ ಅಲೆಗಳು ಎರಡೂ ಕಡೆ ಒಂದೇ ಥರ ನಡ್ಕೊಳ್ತವೆ. ಇಲ್ಲಿ ಕಂಡ ಹೊತ್ತನ್ನ ಐದರಿಂದ ಗುಣಿಸಿ, ನಿಮ್ಮ ಸಮುದ್ರದ ಹೊತ್ತು ಸಿಗ್ತದೆ."

ಮರುದಿನ ಅವನು ಮತ್ತೆ ಬಂದ. ಅದರ ಮರುದಿನವೂ. ಶೆಡ್ಡಿನ ಗೋಡೆಯ ಮೇಲೆ ಸೀಮೆಸುಣ್ಣದಿಂದ ದೊಡ್ಡದಾಗಿ ಬರೆದ: 'ಇಲ್ಲಿ ಕಂಡದ್ದೆಲ್ಲ ಐದು ಪಟ್ಟು!'

ದಡದಲ್ಲಿ ನಿಂತ ಹೆಂಗಸರು ದೋಣಿಗಳಿಗೆ ಬಟ್ಟೆ ಬೀಸಿ ದಾರಿ ಹೇಳುವುದನ್ನು ಅವನು ಅವಳಿಗೆ ತೋರಿಸಿಕೊಟ್ಟ. ಎತ್ತಿ ಹಿಡಿದರೆ 'ಬಾ'. ಇಳಿಸಿದರೆ 'ನಿಲ್ಲು'. ಗರಗರ ತಿರುಗಿಸಿದರೆ 'ಓಡಿ ಬಾ'.

"ಈಗ ಎಲ್ಲರ ಹತ್ರ ಮೊಬೈಲ್ ಉಂಟಲ್ಲ?"

"ಮೊಬೈಲು ಅಲೆ ನೋಡ್ತದಾ, ಮಾರಾಯ್ತಿ?"

'ಮೇಡಂ' ಹೋಗಿ 'ಮಾರಾಯ್ತಿ' ಯಾವಾಗ ಬಂತೋ... ಇಬ್ಬರೂ ಕೇಳಲಿಲ್ಲ.

ಆಮೇಲೆ ದಡದಲ್ಲಿ ಒಂದು ಬೋರ್ಡು ಎದ್ದಿತು. 'ದೊಡ್ಡ ಅಲೆಗಳಿರುವಾಗ ಸಣ್ಣ ದೋಣಿಗಳು ಅಳಿವೆ ದಾಟಬಾರದು.' ಅವಳ ವರದಿಯದೇ ಸಾಲು.

"ಹೊಟ್ಟೆಗೇ ಹೊಡದ್ಯಲ್ಲೇ!" ರೂಪೇಶ ಶೆಡ್ಡಿನ ಹೊರಗೇ ನಿಂತು ಕೂಗಿದ್ದ. "ನಂಗೊಂದು ಮಾತು ಹೇಳೂಕಾಗ್ಲಿಲ್ವಾ?"

ಅವಳು ಸುಮ್ಮನೆ ನಿಂತಿದ್ದಳು. ಆ ಮೌನವನ್ನು ಅವನು ಗರ್ವವೆಂದುಕೊಂಡ. ಹದಿನೈದು ದಿನ ಶೆಡ್ಡಿನ ಕಡೆ ಸುಳಿಯಲಿಲ್ಲ.

ಆವತ್ತು ಮಧ್ಯಾಹ್ನ ಅವಳ ಮೊಬೈಲು ಬಡಿದುಕೊಂಡಿತು.

"ನಾನು... ರೂಪೇಶ." ಹಿಂದೆ ಮಷಿನಿನ ಸದ್ದು. "ಬೆಳಿಗ್ಗೆ ಶಾಂತ ಇತ್ತು. ಈಗ ಅಲೆ ಎದ್ದದೆ. ದೋಣಿಯೊಳ್ಗೆ ನೀರು ಬರ್ತಾ ಉಂಟು, ಬೈತಖೋಲ ಬಂದರದ ತನ್ಕ ತಾಳೂದಿಲ್ಲ. ಅಳಿವೆಯಲ್ಲಿ ದೊಡ್ಡ ಅಲೆ ಗುಂಪು ದಾಟಿದ ಮೇಲೆ ಮುಂದಿನ ಗುಂಪು ಬರೂ ತನ್ಕ ಎಷ್ಟು ಹೊತ್ತು ಸಿಗ್ತದೆ?"

ಹದಿನೈದು ದಿನದ ಮೇಲೆ ಕೇಳಿದ್ದು ಇಷ್ಟೇನಾ!

"ನೂರು ಸೆಕೆಂಡು," ಎಂದು ಅವಳು ಕರೆ ಕತ್ತರಿಸಿದಳು.

ಕಣ್ಣು ತೇವವಾಯಿತು. ಒರೆಸಿಕೊಂಡು ತಲೆ ಎತ್ತಿದಾಗ ಗೋಡೆಯ ಮೇಲಿನ ಬರಹ ಕಂಡಿತು.

ಇಲ್ಲಿ ಕಂಡದ್ದೆಲ್ಲ ಐದು ಪಟ್ಟು!

ಟಾಂಕಿಯಲ್ಲಿ ಕಂಡದ್ದು ಇಪ್ಪತ್ತು ಸೆಕೆಂಡು. ತಾನಾಗಲೇ ಗುಣಿಸಿ ನೂರು ಎಂದಿದ್ದಳು. ಅವನು ಅದನ್ನು ಟಾಂಕಿಯ ಲೆಕ್ಕವೆಂದುಕೊಂಡು ಮತ್ತೆ ಗುಣಿಸಿದರೆ? ಐನೂರು ಸೆಕೆಂಡು ಇದೆಯೆಂದು ನಂಬಿ ನಿಧಾನವಾಗಿ ಬರುತ್ತಾನೆ...

ಕರೆ ಮಾಡಿದಳು. ವ್ಯಾಪ್ತಿ ಪ್ರದೇಶದ ಹೊರಗೆ.

ನಾಗಶ್ರೀ ಓಡಿದಳು. ಚಪ್ಪಲಿ ಮರಳಲ್ಲೇ ಉಳಿಯಿತು. ದಡದಲ್ಲಿ ರೂಪೇಶನ ತಾಯಿ ಸುಗಂಧಾ ಬಿಳಿ ಪಂಚೆ ಹಿಡಿದು ನಿಂತಿದ್ದಳು.

"ಆಯಿ, ಅದನ್ನ ನಂಗೆ ಕೊಡಿ!"

"ಬೋರ್ಡು ಹಾಕ್ಸಿದವ್ಳು ನೀನೇ ಅಲ್ದಾ?" ಸುಗಂಧಾಳ ದನಿ ಕಹಿಯಾಗಿತ್ತು. ಆದರೆ ಹುಡುಗಿಯ ಮುಖ ನೋಡಿ ಪಂಚೆ ಕೊಟ್ಟಳು.

ಇದು ಟಾಂಕಿಯಲ್ಲ. ಇಲ್ಲಿ ಸ್ವಿಚ್ಚಿಲ್ಲ. ಅಲೆಗಳು ಗೋಡೆಯಂತೆ ಎದ್ದು ಕುಸಿಯುತ್ತಿದ್ದವು. ಅವುಗಳಾಚೆ ಒಂದು ನೀಲಿ ದೋಣಿ, ಅದರಲ್ಲಿ ಕಡ್ಡಿಯಂಥ ಒಬ್ಬ ಮನುಷ್ಯ. ಕೊನೆಯ ದೊಡ್ಡ ಅಲೆ ಒಡೆಯಿತು. ನೀರು ಚಪ್ಪಟೆಯಾಯಿತು. ಅವಳು ಪಂಚೆ ಎತ್ತಿ ಹಿಡಿದಳು.

ದೋಣಿ ಹೊರಟಿತು... ಎಷ್ಟು ನಿಧಾನ! ಅವಳು ಎಣಿಸುತ್ತಿದ್ದಳು. ನಲವತ್ತು. ಐವತ್ತು. ಅರ್ಧ ದಾರಿಯೂ ಆಗಿರಲಿಲ್ಲ. ರೂಪೇಶ ಬಗ್ಗಿ ನೀರು ಮೊಗೆದು ಚೆಲ್ಲುತ್ತಿದ್ದ, ಹೊತ್ತು ಬೇಕಾದಷ್ಟಿದೆ ಎನ್ನುವವನಂತೆ.

"ಮೇಲೆ ನೋಡು... ನನ್ನ ನೋಡೋ!"

ಗಾಳಿ ಅವಳ ಕೂಗನ್ನು ನುಂಗಿತು. ಅವಳು ಸೊಂಟದವರೆಗಿನ ನೀರಿಗಿಳಿದು ಪಂಚೆಯನ್ನು ಗರಗರ ತಿರುಗಿಸಿದಳು. ತೋಳು ಸೋತರೂ ನಿಲ್ಲಿಸಲಿಲ್ಲ.

ಅವನು ತಲೆ ಎತ್ತಿದ.

ಒಂದು ಕ್ಷಣ ಏನೂ ಆಗಲಿಲ್ಲ. ಮರುಕ್ಷಣ ಮೊಗೆಯುವ ಡಬ್ಬ ಎಸೆದು ಮಷಿನಿಗೆ ಹಾರಿದ. ದೋಣಿ ಮೂತಿ ಎತ್ತಿ ನುಗ್ಗಿತು. ಅದರ ಬೆನ್ನಿಗೇ ಕಡಲು ಎದ್ದು ನಿಂತಿತು. ಅಲೆ ಒಡೆದಾಗ ಬಿಳಿ ನೊರೆಯಲ್ಲಿ ಎಲ್ಲವೂ ಮುಚ್ಚಿಹೋಯಿತು...

ನೊರೆ ಸೀಳಿಕೊಂಡು ನೀಲಿ ಮೂತಿ ಹೊರಬಂತು.

ದೋಣಿ ಮರಳಿಗೆ ತಾಗಿದಾಗ ಅವನು ಇಳಿದು ಅವಳೆದುರು ನಿಂತ.

"ನೂರು ಅಂದ್ಯಲ್ಲೇ! ಐದರಿಂದ ಗುಣಿಸ್ಕೊಂಡು ಆರಾಮ ಬರ್ತಿದ್ದೆ..."

"ಗುಣಿಸಿಯೇ ಹೇಳಿದ್ದೆ. ಯಾವ ಸಮುದ್ರದ್ದು ಅಂತ ಹೇಳ್ಲಿಲ್ಲ. ಕೋಪ ಇತ್ತು." ಅವಳು ಮುಖದ ಉಪ್ಪುನೀರು ಒರೆಸಿಕೊಂಡಳು. "ಮತ್ತೆ ಯಾಕೆ ಜೋರು ಬಿಟ್ಟೆ? ನಿನ್ನ ಲೆಕ್ಕದಲ್ಲಿ ಹೊತ್ತಿತ್ತಲ್ಲ?"

"ಬೀಸ್ತಿದ್ದವ್ಳು ನೀನು ಅಂತ ಕಂಡ್ತು. ಲೆಕ್ಕ ಬಿಟ್ಟೆ."

ಅವಳಿಗೆ ಇನ್ನು ತಡೆಯಲಾಗಲಿಲ್ಲ. "ಟಾಂಕಿಯಲ್ಲಿ ಆ ಮರದ ದೋಣಿ ಮಗುಚಿದಾಗೆಲ್ಲ ಅದ್ರೊಳಗೆ ನೀನೇ ಕಾಣ್ತಿದ್ದೆ, ರೂಪೇಶ. ಅದಕ್ಕೇ ಹಾಗೆ ಬರೆದೆ."

"ಇದನ್ನ ಆವತ್ತೇ ಹೇಳೂಕೆ ಎಂತಾಗಿತ್ತೇ?"

ಮತ್ತೆ ಅದೇ ಮೌನ. ಈ ಸಲ ಅವನು ಅದನ್ನು ಗರ್ವವೆಂದುಕೊಳ್ಳಲಿಲ್ಲ. ಅವಳ ಕೈಯಿಂದ ಒದ್ದೆ ಪಂಚೆ ತೆಗೆದುಕೊಂಡ. ಕೈ ಮಾತ್ರ ಬಿಡಲಿಲ್ಲ.

"ಆ ಹದಿನೈದು ದಿನ..." ಅವಳು ಮೆಲ್ಲಗೆ ಕೇಳಿದಳು. "ನಿಂಗೆ ಎಷ್ಟಾಗಿ ಕಂಡ್ತು?"

"ಐದರಿಂದ ಗುಣಿಸಿ ನೋಡ್ದೆ." ಅವನು ಹಿಡಿದ ಕೈಯನ್ನು ಇನ್ನಷ್ಟು ಬಿಗಿ ಮಾಡಿದ. "ಸಾಕಾಗ್ಲಿಲ್ಲ."