ಕ್ಷಮೆ ಕೇಳಬಾರದೆಂಬ ನಿಯಮ

“ಸ್ಲ್ಯಾಬ್ ಹಾಕೋ ದಿನ ಕೆಲಸ ನಿಲ್ಲಿಸೋಕೆ ನೀವ್ಯಾರ್ರೀ?”

ಹೆಲ್ಮೆಟ್ ಕೈಯಲ್ಲಿ ಹಿಡಿದು ಸೈಟ್ ಇಂಜಿನಿಯರ್ ಕೂಗಿದ್ದ.

“ಕಂಪನಿಯ ಕಾನೂನು, ಸುರಕ್ಷತಾ ವಿಭಾಗ. ಅಂಚಿನಲ್ಲಿ ರೇಲಿಂಗ್ ಇಲ್ಲ. ಯಾರಾದ್ರೂ ಬಿದ್ರೆ ಕೋರ್ಟಿಗೆ ಅಲೆಯೋಳು ನಾನು. ಮೊದಲು ಹೆಲ್ಮೆಟ್ ಹಾಕ್ಕೊಳ್ಳಿ!”

ಸುತ್ತಲಿದ್ದವರು ನಕ್ಕರು. ಅವನೂ ನಕ್ಕುಬಿಟ್ಟ... ಆ ನಗು ಅವಳ ನಿದ್ದೆ ಕೆಡಿಸಿತು.

ಆಮೇಲೆ ಜಗಳ ಚಹಾಕ್ಕೆ ತಿರುಗಿತು, ಚಹಾ ಸಲಿಗೆಗೆ. ‘ನೀವು’ ಹೋಗಿ ‘ನೀನು’ ಬಂತು. ಬಾಯಿಬಿಟ್ಟು ಮಾತ್ರ ಇಬ್ಬರೂ ಏನೂ ಹೇಳಲಿಲ್ಲ.

ಒಂದು ಬೆಳಗ್ಗೆ, ಗೋಡೆಗುಂಟ ಕಟ್ಟಿದ್ದ ಕಂಬ-ಹಲಗೆಗಳ ಅಟ್ಟಣೆಯ ಕೆಳಗೆ ನಿಂತು ಅವನು ಗೋಗರೆದ. “ಇವತ್ತೊಂದು ದಿನ ಸಾರುವೆ ಹತ್ತಿ ನೋಡ್ತಾ ಕೂರಬೇಡ ಕಣೇ. ಆಗಲೇ ತಡ ಆಗಿದೆ. ಭದ್ರವಾಗೇ ಕಟ್ಟಿದಾರೆ.”

ಯಾರ ಮಾತಿಗೂ ಜಗ್ಗದವಳು ಅವನಿಗೆ ಸೋತಳು. ಖುದ್ದು ಹತ್ತಿ ನೋಡಿದ ಮೇಲಷ್ಟೇ ಕಟ್ಟಬೇಕಾದ, ‘ಸುರಕ್ಷಿತ’ ಎಂಬ ಹಸಿರು ಚೀಟಿಯನ್ನು ಕೆಳಗೆ ನಿಂತೇ ಕಟ್ಟಿದಳು.

ಮಧ್ಯಾಹ್ನ ಸಾರುವೆ ಕುಸಿಯಿತು. ಮೇಲಿದ್ದವನು ಅವನೊಬ್ಬನೇ!

ಅಪಘಾತವಾದರೆ ಗಾಯಾಳುವನ್ನು ಕಾಣಬಾರದು, ಕ್ಷಮೆ ಕೇಳಬಾರದು. ಕೇಳಿದರೆ ತಪ್ಪೊಪ್ಪಿಕೊಂಡಂತೆ, ಮೊಕದ್ದಮೆಯಲ್ಲಿ ಕಂಪನಿ ಸೋಲುತ್ತದೆ... ಎಲ್ಲರಿಗೂ ಈ ಪಾಠ ಹೇಳಿಕೊಟ್ಟವಳು ಅವಳೇ. ಈಗ ಅದು ಅವಳ ಬಾಯಿಗೇ ಬೀಗವಾಯಿತು.

ಆಸ್ಪತ್ರೆಯಿಂದ ಅವನ ಅಕ್ಕ ಫೋನ್ ಮಾಡಿದಳು. “ನಿನ್ನನ್ನೇ ಕೇಳ್ತಿದಾನಮ್ಮ. ಒಂದ್ಸಲ ಬಂದು ಹೋಗು.”

ಪಕ್ಕದಲ್ಲಿ ಕಂಪನಿಯ ವಕೀಲರು ಕೂತಿದ್ದರು.

“ವಿಚಾರಣೆ ಬಾಕಿ ಇದೆ. ಈಗ ನಾನೇನೂ ಹೇಳೋ ಹಾಗಿಲ್ಲ, ಅಕ್ಕ.”

ಎಂಥ ಮಾತಾಡಿಬಿಟ್ಟೆ! ಎಂದುಕೊಳ್ಳುವಷ್ಟರಲ್ಲಿ ಫೋನ್ ಕಟ್ಟಾಗಿತ್ತು.

ವಿಚಾರಣೆಯ ಹಿಂದಿನ ಸಂಜೆ ಅವಳು ಅವನ ಮನೆಯ ಬಾಗಿಲು ತಟ್ಟಿದಳು.

“ಕಂಪನಿ ಕಳಿಸ್ತೋ, ನೀನೇ ಬಂದ್ಯೋ?” ಅಕ್ಕ ಅಡ್ಡ ನಿಂತಳು.

“ನಾನೇ ಬಂದೆ. ಅವರಿಗೆ ಗೊತ್ತಾದ್ರೆ ಕೆಲಸ ಹೋಗುತ್ತೆ.”

ಅಕ್ಕ ಪಕ್ಕಕ್ಕೆ ಸರಿದಳು.

ಅವನು ಪಟ್ಟಿ ಕಟ್ಟಿದ ಕಾಲನ್ನು ಸ್ಟೂಲಿನ ಮೇಲೆ ಚಾಚಿ ಕಿಟಕಿಯ ಕಡೆ ಮುಖಮಾಡಿ ಕೂತಿದ್ದ. ತಿರುಗಿ ನೋಡಲಿಲ್ಲ.

“ತಪ್ಪು ನಂದು. ಹತ್ತಿ ನೋಡದೆ ಚೀಟಿ ಕಟ್ಟಿದೆ. ಕ್ಷಮಿಸು... ನಾಳೆ ಅಲ್ಲೂ ಇದನ್ನೇ ಹೇಳ್ತೀನಿ.”

“ಹುಚ್ಚಾ ನಿಂಗೆ? ಅವಸರ ಮಾಡಿದ್ದು ನಾನು!”

“ಬೇಡ ಅನ್ನೋದು ನನ್ನ ಕೆಲಸ. ನಿನ್ನ ಮುಖ ನೋಡಿ ಅನ್ನೋಕಾಗ್ಲಿಲ್ಲ. ಯಾಕೆ ಅಂತ ಗೊತ್ತಲ್ವಾ?”

ಗೊತ್ತಿತ್ತು. ಅವನು ಈಗ ಅವಳ ಕಡೆ ತಿರುಗಿದ.

“ಕಾಲು ಇನ್ನು ನೆಟ್ಟಗಾಗಲ್ವಂತೆ. ಅದಕ್ಕೆ ಅತ್ತಿಲ್ಲ ಕಣೇ. ಆಸ್ಪತ್ರೆಯಲ್ಲಿ ಬಾಗಿಲು ಸದ್ದಾದಾಗೆಲ್ಲ ನೀನೇ ಅಂದ್ಕೊಳ್ತಿದ್ದೆ... ನರ್ಸ್ ಬರೋಳು.”

ಆ ದಿನಗಳನ್ನು ಯಾವ ಕ್ಷಮೆಯೂ ವಾಪಸ್ ತರುವುದಿಲ್ಲ. ಅವಳು ಸ್ಟೂಲಿನ ಪಕ್ಕ ನೆಲದ ಮೇಲೆ ಕೂತಳು.

“ಹೊರಡು ಅಂದ್ರೆ ಹೊರಡ್ತೀನಿ.”

“ಯಾರು ಅಂದ್ರು?” ಅವನ ಕೈ ಅವಳ ತಲೆಯ ಮೇಲಿತ್ತು. “ನಾಳೆ ಅಲ್ಲಿಗೆ ಹೋಗೋಕೆ ನಂಗೊಂದು ಭುಜ ಬೇಕು.”

“ನಾಳೆಗೆ ಮಾತ್ರಾನಾ?”

“ಕಾಲು ನೆಟ್ಟಗಾಗಲ್ಲ ಅಂದ್ನಲ್ಲ, ದಡ್ಡಿ!”