ಉಲ್ಕಾಶಿಲೆಯ ರಾತ್ರಿವಾಸ

ಶನಿ ಎಂದರೆ ಎಳ್ಳುದೀಪ ಹಚ್ಚಿ ಸುತ್ತು ಹಾಕಬೇಕಾದ ದೇವರು ಎಂದಷ್ಟೇ ಗೊತ್ತಿದ್ದ ಸಮಾಜ ಪಾಠದ ನಂಜಪ್ಪ ಮೇಷ್ಟ್ರನ್ನು ವಿಜ್ಞಾನ ಶಿಬಿರದ ಮುಖಂಡನನ್ನಾಗಿ ಮಾಡಿದರಲ್ಲ, ಅವತ್ತೇ ಚಲುವರಾಜು ಮೇಷ್ಟ್ರ ಹೊಟ್ಟೆಗೆ ಬೆಂಕಿ ಬಿತ್ತು. ಕ್ಯಾತನಹಳ್ಳಿಯ ಹೈಸ್ಕೂಲಿನಲ್ಲಿ ಹದಿನೆಂಟು ವರ್ಷ ವಿಜ್ಞಾನ ಹೇಳಿಕೊಟ್ಟವರು ಇವರು. ಶ್ರೀರಂಗಪಟ್ಟಣದ ವಿಜ್ಞಾನ ಸಂಗ್ರಹಾಲಯದಲ್ಲಿ ಮಕ್ಕಳು ಒಂದು ರಾತ್ರಿ ತಂಗಬಹುದು, ದೂರದರ್ಶಕದಲ್ಲಿ ನಕ್ಷತ್ರ ನೋಡಿ ಮಾದರಿಗಳ ನಡುವೆಯೇ ಮಲಗಬಹುದು ಎಂದು ತಿಳಿದ ಕೂಡಲೇ ಅರ್ಜಿ ಗೀಚಿದವರೂ ಇವರೇ. ಸಿಕ್ಕಿದ ಕೆಲಸ? ಚಾಪೆ ಎಣಿಸುವುದು. ಅದೂ ಹಾಳಾಗಿ ಹೋಗಲಿ, ಮುಂದಿನ ತಿಂಗಳು ಖಾಲಿಯಾಗುವ ಹೆಡ್‌ಮಾಸ್ಟರ ಕುರ್ಚಿಗೂ ನಂಜಪ್ಪನ ಹೆಸರೇ ಮೊದಲು, ಇವರದು ಎರಡನೆಯದು.

ಮೊದಲನೆಯ ಹೆಸರಿಗೆ ಕಳ್ಳತನದ ಮಸಿ ಬಳಿದರೆ ಎರಡನೆಯದು ತಾನಾಗಿ ಮೇಲೆ ಬರುತ್ತದೆ. ಇದಕ್ಕೆ ಸೂತ್ರ, ಸಮೀಕರಣ ಏನೂ ಬೇಕಿರಲಿಲ್ಲ.

ಕದಿಯುವ ವಸ್ತುವನ್ನು ಅವರು ಹಿಂದಿನ ತಿಂಗಳೇ ಬಂದು ನೋಡಿಕೊಂಡು ಹೋಗಿದ್ದರು. ಸಿಂಧಘಟ್ಟದ ಹೊಲವೊಂದಕ್ಕೆ ಆಕಾಶದಿಂದ ಬಿದ್ದ ಕರಿಯ ಉಲ್ಕಾಶಿಲೆ. ತೆಂಗಿನಕಾಯಿ ಗಾತ್ರ, ಗಾಜಿಲ್ಲದ ಕಟ್ಟೆಯ ಮೇಲೆ 'ಮುಟ್ಟಿ ನೋಡಿ' ಎಂಬ ಫಲಕ. ಮಲಗುವ ಹಾಲಿನಿಂದ ಅದಕ್ಕೆ ಇಪ್ಪತ್ತಾರು ಹೆಜ್ಜೆ. ಬೆರಳಚ್ಚು ಬೀಳದಂತೆ ಹಿಡಿಯಲು ಹೆಗಲ ಮೇಲಿನ ಬಿಳಿ ಟವೆಲ್ಲು. ನಂಜಪ್ಪನ ಏರ್‌ಬ್ಯಾಗಿನ ಜಿಪ್ಪು ಕಿತ್ತುಹೋಗಿ ಎರಡು ವರ್ಷವಾಗಿತ್ತು. ಇಷ್ಟು ಸಲೀಸಾದ ಅಪರಾಧ ಮಾಡದೆ ಬಿಟ್ಟರೆ ಅದೇ ಅಪರಾಧ ಎಂದು ಅವರಿಗೆ ಅನ್ನಿಸಿತು.

ಶನಿವಾರ ಸಂಜೆ ಮಕ್ಕಳೊಂದಿಗೆ ಒಳಗೆ ಬಂದಾಗ ಕಸ ಗುಡಿಸುವ ಚಿಕ್ಕಬೋರಮ್ಮ ಆ ಕಲ್ಲಿನ ಹಿಂದೆ ಬಗ್ಗಿ ಏನೋ ಮಾಡುತ್ತಿದ್ದಳು. ಕೈಯಲ್ಲಿ ಅರಿಶಿನದ ಬಟ್ಟಲು.

"ಏನಮ್ಮಾ ಇದು, ಕಲ್ಲಿಗೂ ಪೂಜೆನಾ?"

"ಮ್ಯಾಲಿಂದ ಇಳ್ದು ಬಂದಿರಾದು ಕಣ್ ಮೇಷ್ಟ್ರೇ. ಸಾಯೇಬ್ರು ಕಂಡ್ರೆ ಬೈತಾರೆ ಅಂತ ಇಂದ್ಗಡೆ ಒಸಿ ಮೆತ್ತೀನಿ. ನೀವು ಏಳ್ಬ್ಯಾಡಿ ಸುಮ್ಕಿರಿ."

ಚಲುವರಾಜು ಮೇಷ್ಟ್ರು ಹೇಳಲಿಲ್ಲ. ಆದರೆ ಮಕ್ಕಳನ್ನು ಕೂರಿಸಿಕೊಂಡು ಮೌಢ್ಯದ ಮೇಲೆ ಹತ್ತು ನಿಮಿಷ ಭಾಷಣ ಬಿಗಿದರು. ಕಣ್ಣಿಗೆ ಕಂಡದ್ದನ್ನು ಪರೀಕ್ಷಿಸಿ, ಆಮೇಲೆ ತೀರ್ಮಾನಕ್ಕೆ ಬನ್ನಿ ಎಂದರು. ಹತ್ತನೇ ತರಗತಿಯ ರಮ್ಯ ಅದನ್ನೂ ನೋಟ್ಸಿನಲ್ಲಿ ಬರೆದುಕೊಂಡಳು. ಆ ಹುಡುಗಿಯ ಶ್ರದ್ಧೆ ಕಂಡು ಅವರಿಗೆ ಖುಷಿಯೋ ಖುಷಿ.

ರಾತ್ರಿ ಎರಡಕ್ಕೆ ಎದ್ದರು. ನಂಜಪ್ಪನ ಗೊರಕೆ ದಿಬ್ಬ ಹತ್ತುವ ಲಾರಿಯ ಹಾಗೆ ಏರುತ್ತಾ ಇಳಿಯುತ್ತಾ ಇತ್ತು. ಟಾರ್ಚು ಹಾಕುವಷ್ಟು ದಡ್ಡರೇ ಇವರು? ಕತ್ತಲಲ್ಲೇ ಇಪ್ಪತ್ತಾರು ಹೆಜ್ಜೆ ಎಣಿಸಿ, ಕಲ್ಲನ್ನು ಟವೆಲ್ಲಿನಲ್ಲಿ ಅಪ್ಪಿ ಎತ್ತಿದರು. ತಣ್ಣಗೆ, ತುಸು ಒದ್ದೆಯಾದಂತಿತ್ತು. ಕಬ್ಬಿಣದ ಅಂಶವಿರುವ ಕಲ್ಲು ಕೈಯ ಶಾಖವನ್ನು ಬೇಗ ಹೀರುತ್ತದೆ, ಅದಕ್ಕೇ ಹಾಗನ್ನಿಸುತ್ತದೆ ಎಂದು ತಮಗೆ ತಾವೇ ಪಾಠ ಮಾಡಿಕೊಂಡರು. ನಂಜಪ್ಪನ ಬ್ಯಾಗಿನಲ್ಲಿ ಪಂಚೆಗೂ ಚಟ್ನಿಪುಡಿ ಡಬ್ಬಿಗೂ ನಡುವೆ ಕಲ್ಲು ಹಾಯಾಗಿ ಕೂತಿತು.

ಸಾಮಾನ್ಯ ಕಳ್ಳ ಇಷ್ಟಕ್ಕೇ ಮಲಗಿಬಿಡುತ್ತಿದ್ದ. ಇವರು ಕಲಿತ ಕಳ್ಳರು. ಕಲ್ಲಿನ ದೂಳೂ ಉಳಿಯಬಾರದೆಂದು ನಲ್ಲಿಯ ಹತ್ತಿರ ಹೋಗಿ, ಕತ್ತಲಲ್ಲೇ ಟವೆಲ್ಲಿಗೆ ಚೆನ್ನಾಗಿ ಸೋಪು ಹಚ್ಚಿ ಉಜ್ಜಿದರು. ನೀರು ಹನಿ ಹನಿಯಾಗಿ ಬರುತ್ತಿದ್ದರಿಂದ ಜಾಲಿಸುವ ಶಾಸ್ತ್ರ ಮಾತ್ರ ಮುಗಿಸಿ ಹಿಂಡಿದರು. ಬೆಳಗಿನ ಜಾವ ಮಬ್ಬಿನಲ್ಲೇ ಅದನ್ನು ಮಡಿಸಿ ಹೆಗಲಿಂದ ಬೆನ್ನಿಗೆ ಇಳಿಬಿಟ್ಟುಕೊಂಡರು.

ಏಳಕ್ಕೆ ಕಲ್ಲು ಕಾಣೆಯಾಗಿದೆ ಎಂದು ಗದ್ದಲ ಎದ್ದಿತು. "ನಮ್ಮ ಶಾಲೆ ಮರ್ಯಾದೆ ಪ್ರಶ್ನೆ! ಮೊದಲು ಮೇಷ್ಟ್ರುಗಳ ಬ್ಯಾಗು ನೋಡಿ, ನನ್ನಿಂದಲೇ ಶುರು ಮಾಡಿ," ಎಂದು ಎಲ್ಲರಿಗಿಂತ ಜೋರಾಗಿ ಕೂಗಿದವರು ಚಲುವರಾಜು ಮೇಷ್ಟ್ರೇ. ಎರಡನೆಯ ಬ್ಯಾಗಿನಲ್ಲಿ ಕಲ್ಲು ಸಿಕ್ಕಿತು.

"ಅಯ್ಯೋ ಶಿವನೇ, ನಾನಲ್ಲ ಕಣ್ರಪ್ಪ! ನಂಗೆ ಈ ಕಲ್ಲು ಯಾಕ್ರಪ್ಪ ಬೇಕು!" ಎಂದು ನಂಜಪ್ಪ ಮಕ್ಕಳೆದುರೇ ಗಳಗಳ ಅತ್ತುಬಿಟ್ಟರು. ಸಂಗ್ರಹಾಲಯದ ಅಧಿಕಾರಿ ಪೊಲೀಸರಿಗೆ ಫೋನು ಮಾಡಲು ಎದ್ದರು. ಚಲುವರಾಜು ಮೇಷ್ಟ್ರು ಮುಖ ಸಪ್ಪಗೆ ಮಾಡಿಕೊಂಡು ಕಿಟಕಿಯತ್ತ ತಿರುಗಿದರು, ನಗು ಕಾಣಬಾರದಲ್ಲ.

ಚಿಕ್ಕಬೋರಮ್ಮ ಕಲ್ಲನ್ನು ತಿರುಗಿಸಿ ನೋಡಿ ಎದೆ ಬಡಿದುಕೊಂಡಳು. "ಹಸಿ ಅರಿಸ್ನ ಮೆತ್ತಿದ್ನಲ್ಲಪ್ಪಾ, ಯಾರೋ ಬಟ್ಟೇಲಿ ಅಪ್ಕೊಂಡು ಒರೆಸ್ಬುಟ್ಟವ್ರೆ! ನಂಜಪ್ಪ ಮೇಷ್ಟ್ರ ಬಟ್ಟೇಲಿ ಒಂದು ಚೂರೂ ಇಲ್ವಲ್ಲ?" ಆಗ ರಮ್ಯ, ತರಗತಿಯಲ್ಲಿ ಎತ್ತುವ ಹಾಗೆಯೇ ಕೈ ಎತ್ತಿದಳು. ಅವಳ ಕಣ್ಣು ಕಿಟಕಿಯತ್ತ ತಿರುಗಿ ನಿಂತಿದ್ದ ಚಲುವರಾಜು ಮೇಷ್ಟ್ರ ಬೆನ್ನ ಮೇಲಿತ್ತು. ಅಲ್ಲಿ ಬಿಳಿ ಟವೆಲ್ಲಿನ ತುಂಬ ಅಂಗೈ ಅಗಲದ ಕೆಂಪು ಕಲೆಗಳು. "ಸಾ, ಅರಿಶಿನದ ಬಟ್ಟೆಗೆ ಸೋಪು ತಾಗುದ್ರೆ ಕೆಂಪಾಯ್ತದೆ, ಎರಡು ಮಾರ್ಕ್ಸಿಂದು, ಗ್ಯಾರಂಟಿ ಬತ್ತದೆ ಅಂತ ನೀವೇ ಏಳ್ಕೊಟ್ಟಿದ್ರಲ್ಲ ಸಾ?"