ಕಂದು ಬಣ್ಣದ ಮೋಡ

ಇಂಚರಳ ಒಂದು ಹನಿ ರಕ್ತ ಗಾಜಿನ ಮೇಲೆ ಬಿದ್ದೊಡನೆ ದೀಪ ಮೆಲ್ಲಗೆ ಹೊತ್ತಿಕೊಂಡಿತು. ದಾವಣಗೆರೆಯ ಆ ಪುಟ್ಟ ಪ್ರಯೋಗಾಲಯದ ಗೋಡೆಯ ತುಂಬ ಬಣ್ಣಗಳು ತೇಲಿದವು, ಯಾರೋ ಕೆರೆಯ ತಳದಿಂದ ಬೆಳಕು ಹಿಡಿದಂತೆ.

ಈ ದೀಪ ವಂಶವಾಹಿಯ ಅಕ್ಷರಗಳನ್ನು ಓದುವುದಿಲ್ಲ. ಅವುಗಳ ಮೇಲೆ ಗಾಳಿ, ಅನ್ನ, ದುಃಖಗಳು ಇಟ್ಟುಹೋದ ಚುಕ್ಕಿಗಳನ್ನು ಓದುತ್ತದೆ. ಮೀಥೈಲ್ ಎಂಬ ಈ ಚುಕ್ಕಿ ಕೂತಲ್ಲಿ ವಂಶವಾಹಿ ಮೌನವಾಗುತ್ತದೆ. ಬೇಡದ ಕಡೆ ಮೌನ ಹೆಚ್ಚಿದರೆ ದೇಹ ಬೇಗ ಮುಪ್ಪಾಗುತ್ತದೆ. ಬೀಡಿಗೆ ನೀಲಿ, ಕೀಟನಾಶಕಕ್ಕೆ ಹಳದಿ ಎಂದು ಬಣ್ಣ ಹಂಚಿದವರು ದೀಪವನ್ನು ಕಂಡುಹಿಡಿದ ಡಾ. ತಹಸೀನ್.

ಗೋಡೆಯ ನಡುವೆ ಕಂದು ಮೋಡವೊಂದು ಬಂದು ನಿಂತಿತು.

"ಟಯರ್ ಸುಟ್ಟ ಹೊಗೆ," ಎಂದರು ತಹಸೀನ್. "ನಿಮ್ಮ ಶ್ವಾಸಕೋಶಕ್ಕೆ ಆಗಲೇ ಐವತ್ತು ದಾಟಿದೆ."

ಇಪ್ಪತ್ತಮೂರರ ಇಂಚರ ಉಬ್ಬಸದ ನಡುವೆಯೇ ನಕ್ಕಳು. "ಟಯರ್ ಸುಡೋದು ನಾನು ಕಣ್ಣಾರೆ ಕಂಡೇ ಇಲ್ಲ ಡಾಕ್ಟ್ರೇ. ನಿಮ್ಮ ದೀಪಕ್ಕೆ ಅರಳುಮರುಳು!" ನಗುವಾಗಲೂ ಅವಳ ಕೈ ಐದು ತಿಂಗಳ ಬಸುರಿನ ಮೇಲೇ ಇತ್ತು. ಅವಳು ಬಂದದ್ದು ಒಳಗಿರುವ ಮಗಳಿಗಾಗಿ.

"ದೀಪಕ್ಕ ಯಾಕ ಬೈತೀಯೇ," ಎಂದಳು ಮೂಲೆಯಲ್ಲಿ ಕೂತಿದ್ದ ಅಜ್ಜಿ ಸೌಂದರ್ಯ. "ಮಂಡಕ್ಕಿ ಭಟ್ಟಿಗೆ ಸೌದಿ ಬದ್ಲು ಟಯರ್ ಹಾಕ್ತಿದ್ದೋಳು ನಾನು. ನಿಮ್ಮವ್ವ ಆಗ ನನ್ನ ಹೊಟ್ಟ್ಯಾಗ ಇದ್ಲು."

"ಅವ್ವ ಇದ್ಲು. ನಾನೆಲ್ಲಿದ್ದೆ?"

"ನೀವೂ ಅಲ್ಲೇ ಇದ್ರಿ," ಎಂದರು ತಹಸೀನ್. ಹೆಣ್ಣುಕೂಸು ಗರ್ಭದಲ್ಲಿರುವಾಗಲೇ ಅದರೊಳಗೆ ಅಂಡಾಣುಗಳು ಮೂಡುತ್ತವೆ. ಅಂಥದೊಂದರಿಂದ ಮುಂದೆ ಹುಟ್ಟಿದವಳು ಇಂಚರ. ಪೀಳಿಗೆ ದಾಟುವಾಗ ಹೆಚ್ಚಿನ ಚುಕ್ಕಿಗಳು ಅಳಿಸಿಹೋಗುತ್ತವೆ. ಹಠಮಾರಿ ಕೆಲವು ಉಳಿಯುತ್ತವೆ.

ಅಜ್ಜಿ ಎದ್ದು ಬಂದು ಗೋಡೆಯ ಮೇಲಿನ ಮೋಡವನ್ನು ಮುಟ್ಟಿದಳು. "ರಾಕ್ಷಸನ ಪ್ರಾಣ ಪೆಟ್ಟಿಗೆಯೊಳಗಿನ ಪೆಟ್ಟಿಗೆಯೊಳಗ, ಗಿಣಿಯಾಗ ಇತ್ತು ಅಂತ ಕತಿ ಹೇಳ್ತಿದ್ದೆ ನಿನಗ. ನನ್ನೊಳಗಿನ ಗಿಣಿ ನೀನೇ ಆಗಿದ್ಯಲ್ಲೇ."

"ಹಂಗಾದ್ರ ಇವಳು?" ಇಂಚರ ತನ್ನ ಹೊಟ್ಟೆ ತೋರಿಸಿದಳು.

ತಾಯಿಯ ರಕ್ತದಲ್ಲಿ ಮಗುವಿನ ವಂಶವಾಹಿಯ ತುಣುಕುಗಳೂ ತೇಲುತ್ತಿರುತ್ತವೆ. ತಹಸೀನ್ ದೀಪವನ್ನು ಅವುಗಳತ್ತ ತಿರುಗಿಸಿದರು. ಮೋಡ ಕರಗಿ, ಒಂದೇ ಒಂದು ಕಂದು ಎಳೆ ಉಳಿಯಿತು.

"ಮಾಸ್ತಾ ಇದೆ. ಇವಳಿಗೆ ಒಳ್ಳೆ ಗಾಳಿ ಸಿಕ್ಕರೆ, ಇವಳ ಮಗಳಲ್ಲಿ ಇರಲಿಕ್ಕಿಲ್ಲ."

ಇಂಚರ ಕಣ್ಣೊರೆಸಿಕೊಂಡಳು. "ಯಾರೂ ಬ್ಯಾಡ ಅನ್ಲಿಲ್ವಾ ಅಜ್ಜಿ ನಿನಗ?"

"ರಸ್ತ್ಯಾಗ ಹೋಗೋರು ಮೂಗು ಮುಚ್ಕೊಂಡು ಹೋಗ್ತಿದ್ರು. ಒಗ್ಗರಣೆ ಮಂಡಕ್ಕಿ ವಾಸನೆಗೆ ಮಾತ್ರ ಮೂಗು ಬಿಡೋರು," ಅಜ್ಜಿ ನಕ್ಕಳು. "ಎರಡು ಸಾವಿರದ ಇಪ್ಪತ್ತಾರು ಅದು. ನಾನೂ ನಿನ್ನಷ್ಟೇ ಇದ್ದೆ."

ದೀಪ ಆರುವ ಮೊದಲು, ಆ ಒಂದು ಎಳೆಯ ತುದಿಯಲ್ಲಿ ಇಂಚರಳಿಗೆ ಅಜ್ಜಿಯದೇ ಮುಖದ ಒಬ್ಬ ಹುಡುಗಿ ಕಂಡಂತಾಯಿತು. ತುಂಬಿದ ಬಸುರಿ. ಟಯರಿನ ಚೂರೊಂದನ್ನು ಎತ್ತಿ ಹಿಡಿದಿದ್ದಾಳೆ. ಇನ್ನೂ ಬೆಂಕಿಗೆ ಹಾಕಿಲ್ಲ. ರಸ್ತೆಯಲ್ಲಿ ಹೋಗುವವರು ಯಾರಾದರೂ ನಿಂತು ಕರೆದರೆ, ತಿರುಗಿ ನೋಡುತ್ತಾಳೆ.